ನಾಟಾ ಎತ್ತುವ ಕ್ರೇನ್: ಸೆನ್ಸರ್ ಮೊದಲಾ, ಹೋಸ್ ಮೊದಲಾ?

ಚಾಕಣ್ ಡಿಸೈನರ್: ಪುಣೆಯಲ್ಲಿ ಹೈಡ್ರಾಲಿಕ್ಸ್ ಕೆಲಸದಲ್ಲಿರುವ ನಮ್ಮ ಕನ್ನಡದವರಿಗೆ ಈ ಮಾತು. ಕಾಡಿನಲ್ಲಿ ದಿಮ್ಮಿ ಹೇರುವ ಫಾರ್ವರ್ಡರ್ ಕ್ರೇನಿಗೆ ಬಂದ ದೊಡ್ಡ ಸುಧಾರಣೆ ಅಂದ್ರೆ ಬೂಮ್, ಅಂದ್ರೆ ಕ್ರೇನಿನ ತೋಳು, ಅದರ ತುದಿಯ ನಿಯಂತ್ರಣ. ಮೊದಲು ಆಪರೇಟರ್ ಎಣ್ಣೆಯ ಒತ್ತಡದಿಂದ ತೋಳು ಆಡಿಸುವ ಒಂದೊಂದು ಸಿಲಿಂಡರನ್ನೂ ಬೇರೆ ಬೇರೆ ಆಡಿಸಬೇಕಿತ್ತು. ಜಾನ್ ಡೀರ್ 2013ರಲ್ಲಿ ತಂದ ವ್ಯವಸ್ಥೆಯಲ್ಲಿ ತುದಿ ಎಲ್ಲಿಗೆ ಹೋಗಬೇಕು ಅಂತ ಜಾಯ್‌ಸ್ಟಿಕ್ಕಿನಲ್ಲಿ ತೋರಿಸಿದರೆ ಸಾಕು. ಸೆನ್ಸರ್ ನೋಡಿಕೊಂಡು ಉಳಿದ ಲೆಕ್ಕ ಕಂಪ್ಯೂಟರಿನದು. ಹೊಸಬರೂ ಬೇಗ ಕಲಿಯುತ್ತಾರೆ. ನಾವು ಇನ್ನೂ ಲಿವರ್ ಎಳೆಯುತ್ತಾ ಕೂತಿದ್ದೇವೆ.

ಭೋಸರಿ ಫಿಟ್ಟರ್: ‘ಉಳಿದ ಲೆಕ್ಕ ಕಂಪ್ಯೂಟರಿನದು’ ಅಂದ್ರಲ್ಲ, ಆ ಎಣ್ಣೆ ಸಾಗಿಸುವ ಹೋಸ್ ಒಡೆದಾಗ ಯಾರ ಲೆಕ್ಕ ಸರ್? ನನ್ನ ಹತ್ತಿರ ರಿಪೇರಿಗೆ ಬರುವ ಕ್ರೇನ್‌ಗಳಲ್ಲಿ ದಿಮ್ಮಿ ಹಿಡಿಯುವ ಗ್ರ್ಯಾಪಲ್ ಹತ್ತಿರದ ಹೋಸ್ ದಿಮ್ಮಿಗೆ ಉಜ್ಜಿ ಉಜ್ಜಿ ರಬ್ಬರ್ ಸುಲಿದಿರುತ್ತದೆ, ಒಳಗಿನ ತಂತಿ ಹೊಳೆಯುತ್ತಿರುತ್ತದೆ. ಅದರೊಳಗೆ 200 ಬಾರ್ ಒತ್ತಡ. ಹೋಸನ್ನು ಬೂಮಿನ ಒಳಗೆ ಸಾಗಿಸಿದ್ದೇ ನಿಜವಾದ ಸುಧಾರಣೆ.

ಫೋಂಡಾ ಸಾಮಿಲ್: ‘ಬೂಮಿನ ಒಳಗೆ’? ಒಳಗೆ ಸೋರಿದರೆ ಗೊತ್ತಾಗೋದೇ ತಡ. ಗೋವಾದ ಮಳೆಯಲ್ಲಿ ಬೂಮ್ ಬಿಚ್ಚಿ ಹೋಸ್ ಎಳೆದು ನೋಡಿ, ಅರ್ಧ ದಿನ ಹೋಗುತ್ತೆ. ಹೊರಗಿದ್ದರೆ ಎರಡು ಸ್ಪ್ಯಾನರ್ ಸಾಕು.

ಭೋಸರಿ ಫಿಟ್ಟರ್: ಅರ್ಧ ದಿನಾನಾ? ಹಳೇ ಹೋಸಿನ ತುದಿಗೆ ಹೊಸದನ್ನು ಕಟ್ಟಿ ಎಳೆಯಬೇಕು ಅಂತ ನಿಮ್ಮ ಹುಡುಗರಿಗೆ ಯಾರೂ ಹೇಳಿಕೊಟ್ಟಿಲ್ಲ.

ಫೋಂಡಾ ಸಾಮಿಲ್: ನನ್ನ ಹುಡುಗರ ಸುದ್ದಿ ಬೇಡ. ಅವರು ಯಂತ್ರ ನಡೆಸಿಯೇ ಊಟ ಮಾಡೋರು.

ದಾದರ್ ಹಳಿಯಾಳದವ: ಜಗಳ ಯಾಕ್ರೀ? 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಾಡಿನಲ್ಲಿ ಮರ ಕಡಿಯೋದಕ್ಕೆ ಕಡಿವಾಣ ಹಾಕಿದೆ. ಇಲ್ಲಿ ಇಂಥ ಕ್ರೇನ್ ಯಾರಿಗೆ ಬೇಕು?

ಚಾಕಣ್ ಡಿಸೈನರ್: ‘ಯಾರಿಗೆ ಬೇಕು’ ಅಂದ್ರೆ, ಪೇಪರ್ ಮಿಲ್ಲಿಗೆ ಹೋಗುವ ನೀಲಗಿರಿ, ಸುಬಾಬುಲ್ ರೈತರ ಹೊಲದಿಂದಲೂ ಬರುತ್ತೆ. ಅದನ್ನು ಹೆಗಲ ಮೇಲೆ ಹೊತ್ತು ಲಾರಿಗೆ ಹಾಕೋರ ಬೆನ್ನು ನೋಡಿದ್ದೀರಾ? ಹೋಸ್ ಬಿಟ್ಟು ದೊಡ್ಡದನ್ನು ನೋಡಿ. ಫಿನ್ಲೆಂಡಿನ ಪೋನ್ಸೆ ಕಂಪನಿ 2013ರಲ್ಲೇ ಸ್ಕಾರ್ಪಿಯನ್ ಅನ್ನೋ ಮರ ಕಡಿಯುವ ಹಾರ್ವೆಸ್ಟರ್‌ನಲ್ಲಿ ಕ್ರೇನಿನ ತೋಳನ್ನು ಕ್ಯಾಬಿನ್ ಮೇಲಿಂದ ತಂದಿತು. ಆಪರೇಟರ್ ಕಣ್ಣಿಗೆ ಬೂಮ್ ಅಡ್ಡ ಬರಲ್ಲ.

ಭೋಸರಿ ಫಿಟ್ಟರ್: ‘ಹೋಸ್ ಬಿಟ್ಟು’ ಅಂತೀರಾ? ಹೋಸ್ ಬಿಟ್ಟರೆ ಎಣ್ಣೆ ಇಲ್ಲ, ಎಣ್ಣೆ ಇಲ್ಲದೆ ಯಾವ ತೋಳೂ ಏಳಲ್ಲ. ಡ್ರಾಯಿಂಗ್ ಮುಂದೆ ಕೂತೋರಿಗೆ ಇದು ಚಿಕ್ಕ ವಿಷಯ. ಎಣ್ಣೆ ಚಿಮ್ಮಿ ಕೈ ಸುಟ್ಟುಕೊಂಡೋರಿಗೆ ಅಲ್ಲ.

ಚಾಕಣ್ ಡಿಸೈನರ್: ನಾನೂ ಶಾಪ್ ಫ್ಲೋರಿನಿಂದಲೇ ಬಂದೋನು. ಸುಮ್ನೆ ಮಾತಾಡಬೇಡಿ. ಜರ್ಕ್ ಕಡಿಮೆಯಾದರೆ ಹೋಸ್, ಕೀಲಿನ ಪಿನ್, ಬುಷ್ ಎಲ್ಲದರ ಮೇಲೂ ಹೊಡೆತ ಕಡಿಮೆ. ಸಿಲಿಂಡರ್ ಕೊನೆ ಮುಟ್ಟುವ ಮೊದಲೇ ವೇಗ ಇಳಿಸೋದು ಸೆನ್ಸರಿಂದಲೇ ಸಾಧ್ಯ.

ಭೋಸರಿ ಫಿಟ್ಟರ್: ‘ಸೆನ್ಸರಿಂದಲೇ’ ಅಲ್ಲ. ಸಿಲಿಂಡರ್ ಒಳಗೆ ಕುಶನ್, ಅಂದ್ರೆ ಕೊನೆಯಲ್ಲಿ ಎಣ್ಣೆಯನ್ನೇ ತಡೆದು ವೇಗ ಇಳಿಸುವ ಏರ್ಪಾಡು, ಕೊಡೋದು ಹಳೇ ಪದ್ಧತಿ. ಅದಕ್ಕೆ ವೈರಿಂಗ್ ಬೇಕಿಲ್ಲ.

ಫೋಂಡಾ ಸಾಮಿಲ್: ಕುಶನ್ ಇರಲಿ, ಬಿಡಿ. ಹೋಸ್ ಹೊರಗೇ ಇರಲಿ, ಮೇಲೊಂದು ತಗಡಿನ ಗಾರ್ಡ್ ಹಾಕಿ. ನಾನು ಹಾಗೇ ಮಾಡಿಸಿದ್ದೇನೆ.

ಭೋಸರಿ ಫಿಟ್ಟರ್: ಆ ಗಾರ್ಡ್ ಬಿಚ್ಚಿ ನೋಡಿದ್ದೀರಾ? ತೊಗಟೆ ಚೂರು, ಮಣ್ಣು ತುಂಬಿ ಹೋಸ್ ಅಲ್ಲೇ ಸವೆಯುತ್ತೆ, ಹೊರಗಿಂದ ಕಾಣೋದೂ ಇಲ್ಲ. ನಾಳೆ ಬಿಚ್ಚಿ ಫೋಟೋ ಹಾಕಿ, ಆಮೇಲೆ ಮಾತಾಡೋಣ.

ಫೋಂಡಾ ಸಾಮಿಲ್: ಹಾಕ್ತೀನಿ. ನೀವೂ ಬೂಮ್ ಒಳಗಿನ ಹೋಸ್ ಬದಲಿಸುವ ವಿಡಿಯೋ ಹಾಕಿ, ಗಡಿಯಾರ ಪಕ್ಕದಲ್ಲಿಟ್ಟು.