ಶಾಲಾ ಮಂಡಳಿಗೆ ನಿಂತ ಇಬ್ಬರು ಲಿಬರ್ಟೇರಿಯನ್ನರ ಬಗ್ಗೆ

ಮೈತ್ರಿ, ನಿಮ್ಮ ಊರಿನ ಶಾಲಾ ಮಂಡಳಿಯ ಚುನಾವಣೆಗೆ ನಿಂತವರಲ್ಲಿ ಇಬ್ಬರು, ತೆರಿಗೆಯೂ ಸರ್ಕಾರದ ಕೈಯೂ ಆದಷ್ಟು ಕಡಿಮೆಯಿರಬೇಕೆನ್ನುವ ಲಿಬರ್ಟೇರಿಯನ್ ಪಕ್ಷದವರಂತೆ, ಅವರು ಗೆದ್ದರೆ ಸರ್ಕಾರಿ ಶಾಲೆಗೇ ಬೀಗ ಬೀಳುತ್ತದೆಯೇ ಎಂದು ನೀನು ನಿನ್ನೆ ಗುಂಪಿನಲ್ಲಿ ಕೇಳಿದ್ದೆ. ಟೈಪ್ ಮಾಡಿ ಮುಗಿಯುವ ವಿಷಯವಲ್ಲ, ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ.

ಬೀಗ ಬೀಳುವುದಿಲ್ಲ. ಮಕ್ಕಳು 6ರಿಂದ 18 ವರ್ಷದವರೆಗೆ ಓದಲೇಬೇಕೆಂಬ ನಿಯಮ ಕ್ಯಾಲಿಫೋರ್ನಿಯಾ ರಾಜ್ಯದ್ದು. ಆಸ್ತಿ ತೆರಿಗೆಯ ಮೂಲ ದರವನ್ನು 1978ರಲ್ಲಿ ಮತದಾರರೇ ಮತ ಹಾಕಿ ತಂದ ಪ್ರೊಪೊಸಿಷನ್ 13 ಎಂಬ ನಿಯಮ ಶೇ. 1ಕ್ಕೆ ಕಟ್ಟಿಹಾಕಿರುವುದರಿಂದ ಅದನ್ನು ಇಳಿಸುವುದೂ ಮಂಡಳಿಯ ಕೈಯಲ್ಲಿಲ್ಲ. ಶಾಲೆಯ ಹಣವನ್ನು ಖಾಸಗಿ ಶಾಲೆಗೂ ಬಳಸಬಹುದಾದ ವೋಚರ್ ರೂಪದಲ್ಲಿ ಪೋಷಕರಿಗೇ ಕೊಡಬೇಕೆಂಬ ಪ್ರಸ್ತಾವ 1993ರಲ್ಲೂ 2000ದಲ್ಲೂ ರಾಜ್ಯದ ಮತದಾರರ ಮುಂದೆ ಬಂದಾಗ, ಎರಡು ಸಲವೂ ಸುಮಾರು ಶೇ. 70ರಷ್ಟು ಜನ ಬೇಡವೆಂದರು.

ಆದರೆ ಅವರಿಗೆ ತಡೆಯುವ ಶಕ್ತಿ ಇದೆ, ನೀನು ಯೋಚಿಸಬೇಕಾದದ್ದು ಅದನ್ನೇ. ಕಟ್ಟಡ ದುರಸ್ತಿಗೆ ಬಾಂಡ್ ಮೂಲಕ ಸಾಲ ಎತ್ತಲು ಶೇ. 55ರಷ್ಟು ಮತದಾರರ ಒಪ್ಪಿಗೆ ಸಾಕೆಂದು ಪ್ರೊಪೊಸಿಷನ್ 39 ಹೇಳುತ್ತದೆ, ನಿಜ. ಆದರೆ ಆ ಪ್ರಶ್ನೆಯನ್ನು ಮತಕ್ಕೆ ಹಾಕುವುದಕ್ಕೇ ಮಂಡಳಿಯ ಮೂರನೇ ಎರಡರಷ್ಟು ಸದಸ್ಯರು ಒಪ್ಪಿರಬೇಕು. ನಿಮ್ಮದು ಐದು ಜನರ ಮಂಡಳಿ, ಅಂದರೆ ನಾಲ್ಕು ಮತ ಬೇಕು; ಇಬ್ಬರು ಕೂಡಿ ಒಲ್ಲೆವೆಂದರೆ ಸೋರುವ ಛಾವಣಿಯ ಪ್ರಶ್ನೆ ಊರಿನವರ ತನಕ ಬರುವುದೇ ಇಲ್ಲ. ಸರ್ಕಾರದ ಹಣದಲ್ಲೇ ಆದರೆ ಸ್ವತಂತ್ರ ಆಡಳಿತದಲ್ಲಿ ನಡೆಯುವ ಚಾರ್ಟರ್ ಶಾಲೆಯ ಅರ್ಜಿಯೂ ಸಾಮಾನ್ಯವಾಗಿ ಮೊದಲು ಬರುವುದು ಇದೇ ಮಂಡಳಿಗೆ. ಅಲ್ಲಿ ಇವರ ಒಲವು ಚಾರ್ಟರ್ ಶಾಲೆಯ ಕಡೆಗೇ ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಸಾಲಕ್ಕೆ ಕಡಿವಾಣ ಬೇಕೆನ್ನುವ ಅವರ ವಾದವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಸ್ಯಾನ್ ಡಿಯೇಗೋ ಕೌಂಟಿಯ ಪೊವೇ ಶಾಲಾ ಜಿಲ್ಲೆ 2011ರಲ್ಲಿ ಸುಮಾರು 10.5 ಕೋಟಿ ಡಾಲರ್ ಸಾಲ ಎತ್ತಿತು. ಮೊದಲ ಇಪ್ಪತ್ತು ವರ್ಷ ಏನನ್ನೂ ಕಟ್ಟದೆ ಬಡ್ಡಿ ಬೆಳೆಯಲು ಬಿಟ್ಟಿದ್ದರಿಂದ, ತೀರಿಸಬೇಕಾದ ಮೊತ್ತ ನೂರು ಕೋಟಿ ಡಾಲರಿನ ಹತ್ತಿರ ಹೋಯಿತು. ಅಂಥ ಸಾಲಕ್ಕೆ ಲಗಾಮು ಹಾಕಲು ರಾಜ್ಯವೇ 2013ರಲ್ಲಿ ಕಾನೂನು ತರಬೇಕಾಯಿತು. ಮಂಡಳಿಯಲ್ಲಿ ಕೆದಕಿ ಲೆಕ್ಕ ಕೇಳುವ ಒಬ್ಬರಾದರೂ ಇರಬೇಕೆಂದು ನಾನು ಹೇಳುವುದು ಇದಕ್ಕೇ. ಒಬ್ಬರಿದ್ದರೆ ಕಾವಲು, ಇಬ್ಬರಾದರೆ ಅಡ್ಡಗಟ್ಟೆ.

ಮತಪತ್ರದಲ್ಲಿ ಪಕ್ಷದ ಹೆಸರು ಹುಡುಕಬೇಡ. ಶಾಲಾ ಮಂಡಳಿಯದು ಪಕ್ಷರಹಿತ ಚುನಾವಣೆ, ಮತದಾರರ ಕೈಪಿಡಿಗೆ ಅಭ್ಯರ್ಥಿ ಬರೆದುಕೊಡುವ ಹೇಳಿಕೆಯಲ್ಲೂ ಪಕ್ಷವನ್ನು ಹೆಸರಿಸುವಂತಿಲ್ಲ. ಅಭ್ಯರ್ಥಿಗಳ ಸಭೆಗೆ ಹೋಗಿ, ಯಾವ ಷರತ್ತಿನ ಮೇಲೆ ಬಾಂಡ್ ಪ್ರಸ್ತಾವಕ್ಕೆ ಕೈ ಎತ್ತುತ್ತೀರಿ ಎಂದು ನೇರವಾಗಿ ಕೇಳು. ಅವಧಿ, ಬಡ್ಡಿ, ಮೇಲ್ವಿಚಾರಣೆ ಎಂದು ಲೆಕ್ಕ ಬಿಡಿಸಿ ಹೇಳಿದವರಿಗೆ ಮತ ಹಾಕಬಹುದು. ಯಾವ ಷರತ್ತಿನ ಮೇಲೂ ಇಲ್ಲ ಎನ್ನುವವರಿಗೆ ನಾನಾದರೆ ಹಾಕುವುದಿಲ್ಲ. ನಿಮ್ಮ ಯಜಮಾನರಿಗೆ ಇನ್ನೂ ಪೌರತ್ವ ಬಂದಿಲ್ಲ, ಮತ ಹಾಕಲಾಗದು. ಆದರೆ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ಮೀಸಲಾದ ಹೊತ್ತಿನಲ್ಲಿ ಎದ್ದು ಮಾತನಾಡಲು ಅವರಿಗೆ ಅಡ್ಡಿಯಿಲ್ಲ, ಅವರನ್ನೂ ಕರೆದುಕೊಂಡು ಹೋಗು.