ಕೂದಲು ಬೆಳೆಯಲು ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಶುರುಮಾಡಿ ಆರು ವಾರ, ಕೂದಲು ಇನ್ನೂ ಜಾಸ್ತಿ ಉದುರ್ತಿದೆ. ಕನ್ನಡಿ ಮುಂದಿಂದ ಏಳೋಕೇ ಆಗ್ತಿಲ್ಲ

ಪ್ರಶ್ನೆ

ವಯಸ್ಸು 27. ಹಣೆಯ ಎರಡೂ ಮೂಲೆ ಹಿಂದಕ್ಕೆ ಸರಿದಿವೆ, ಸುಳಿಯ ಹತ್ತಿರ ತೆಳುವಾಗಿದೆ. ಚರ್ಮವೈದ್ಯರು ನೋಡಿ, ವಂಶದಿಂದ ಬರುವ ಬೋಳು, ನಾರ್‌ವುಡ್ (ಗಂಡಸರ ಬೋಳನ್ನು ಅಳೆಯುವ ಮಾಪಕ) 3ನೇ ಹಂತ ಅಂದಿದ್ದಾರೆ. ಶೇ 5ರ ಮಿನಾಕ್ಸಿಡಿಲ್ ದ್ರಾವಣ ದಿನಕ್ಕೆ ಎರಡು ಸಲ. ಆರು ವಾರಕ್ಕೆ ಉದುರುವುದು ಮೊದಲಿಗಿಂತ ಹೆಚ್ಚಾಗಿದೆ. ನಿಲ್ಲಿಸಬೇಕಾ?

ಇನ್ನೊಂದು. ದಿನಕ್ಕೆ ಹತ್ತಾರು ಸಲ ಕನ್ನಡಿ, ಫೋನ್ ಕ್ಯಾಮೆರಾ. ಟೋಪಿ ಇಲ್ಲದೆ ಹೊರಗೆ ಕಾಲಿಡುವುದಿಲ್ಲ, ಗ್ರೂಪ್ ಫೋಟೊ ಅಂದರೆ ಜಾಗ ಖಾಲಿ. "ಧೈರ್ಯವಾಗಿರಿ" ಅನ್ನುವುದು ಬಿಟ್ಟು, ಮಾಡಬಹುದಾದ ಕೆಲಸ ಏನಾದರೂ ಇದ್ದರೆ ಹೇಳಿ.

ಉತ್ತರ 1

ನಿಲ್ಲಿಸಬೇಡಿ. ಒಂದು ಕೂದಲು 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ 2–3 ತಿಂಗಳು ಸುಮ್ಮನೆ ಬುಡದಲ್ಲಿ ಕೂತು ಉದುರುತ್ತದೆ. ಮಿನಾಕ್ಸಿಡಿಲ್ ಆ ಸುಮ್ಮನೆ ಕೂತ ಅವಧಿಯನ್ನು ಮೊಟಕು ಮಾಡುತ್ತದೆ. ಹೇಗೂ ಬೀಳಬೇಕಿದ್ದ ಕೂದಲುಗಳೆಲ್ಲ ಒಟ್ಟಿಗೆ ಬೀಳುತ್ತವೆ. ಸಾಮಾನ್ಯವಾಗಿ 2ನೇ ವಾರದಿಂದ 8ನೇ ವಾರದ ನಡುವೆ ಇದು ಕಾಣುತ್ತದೆ, ತಾನಾಗಿಯೇ ತಗ್ಗುತ್ತದೆ. ಈಗ ಬಿಟ್ಟರೆ ಉದುರಿದ್ದಷ್ಟೇ ಉಳಿಯುತ್ತದೆ, ಬರಬೇಕಾದ್ದು ಬರುವುದಿಲ್ಲ. 4 ತಿಂಗಳಿಗೆ ಮುಂಚೆ ತೀರ್ಪು ಬೇಡ, ಪೂರ್ಣ ಲೆಕ್ಕ 12ನೇ ತಿಂಗಳಿಗೆ.

ಹಚ್ಚುವ ರೀತಿಯಲ್ಲೇ ಎಷ್ಟೋ ಜನ ಎಡವುತ್ತಾರೆ. ನೆತ್ತಿ ಒಣಗಿರಬೇಕು. ಬೈತಲೆ ತೆಗೆದು ಡ್ರಾಪರಿನ ತುದಿಯನ್ನು ಚರ್ಮಕ್ಕೆ ತಾಗಿಸಿ, ಒಂದು ಸಲಕ್ಕೆ 1 ಮಿ.ಲೀ. ಕೂದಲಿಗೆ ಮೆತ್ತಿದ್ದು ವ್ಯರ್ಥ. ಬೆರಳಲ್ಲಿ ಹರಡಿ ಕೈ ತೊಳೆಯಿರಿ, 4 ಗಂಟೆ ತಲೆಗೆ ನೀರು ಬೇಡ. ಮಲಗುವ 2 ಗಂಟೆ ಮೊದಲೇ ಹಚ್ಚಿ, ಇಲ್ಲದಿದ್ದರೆ ದಿಂಬಿಗೆ ಅಂಟಿ ಕೆನ್ನೆ ಹಣೆಯ ಮೇಲೆ ಕೂದಲು ಮೂಡಬಹುದು. ಬೇಗ ಬರಲಿ ಅಂತ 2 ಮಿ.ಲೀ. ಹಾಕಬೇಡಿ. ಇದು ಮೂಲತಃ ರಕ್ತದೊತ್ತಡದ ಔಷಧ, ಹೆಚ್ಚಾಗಿ ಒಳಹೋದರೆ ಎದೆಬಡಿತ, ತಲೆಸುತ್ತು, ಕಾಲು ಊತ ಬರಬಹುದು. ತುರಿಕೆ, ಹೊಟ್ಟು ಬಂದರೆ ಬಹಳ ಸಲ ಕಾರಣ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ. ನೊರೆಯ ರೂಪದಲ್ಲಿ ಬರುವ ಫೋಮ್‌ನಲ್ಲಿ ಅದಿರುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಬಹಳ ಜೋಪಾನ, ಅದಕ್ಕೆ ಇದು ವಿಷ.

ನಾಣ್ಯದಗಲ ಬೋಳುಮಚ್ಚೆ, ಉರಿ, ಕೆಂಪು, ಹುಬ್ಬು ಉದುರುವುದು ಕಂಡರೆ ಕಾಯದೆ ವೈದ್ಯರಿಗೆ ತೋರಿಸಿ. 2–3 ತಿಂಗಳ ಹಿಂದೆ ಜೋರು ಜ್ವರ ಬಂದಿದ್ದರೆ ಅಥವಾ ತೂಕ ಒಮ್ಮೆಲೇ ಇಳಿದಿದ್ದರೆ ಅದನ್ನೂ ಹೇಳಿ. ಆಗ ಥೈರಾಯ್ಡ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ನೋಡಬೇಕಾಗಬಹುದು. ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆ ತಿಳಿಸಿ, ಥೈರಾಯ್ಡ್ ಫಲಿತಾಂಶ ಏರುಪೇರಾಗುತ್ತದೆ.

ಉತ್ತರ 2

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಮಿನಾಕ್ಸಿಡಿಲ್ ಬೋಳಿನ ಮೂಲವನ್ನು ಮುಟ್ಟುವುದಿಲ್ಲ. ಬುಡವನ್ನು ಸಣ್ಣ ಮಾಡುವುದು ಡಿಎಚ್‌ಟಿ ಎಂಬ ಹಾರ್ಮೋನು. ಅದನ್ನು ಇಳಿಸುವುದು ಫಿನಾಸ್ಟರೈಡ್ ಮಾತ್ರೆ, ದಿನಕ್ಕೆ 1 ಮಿ.ಗ್ರಾಂ, ವೈದ್ಯರ ಚೀಟಿಯ ಮೇಲೆ ಮಾತ್ರ. ಕೆಲವರಲ್ಲಿ ಕಾಮಾಸಕ್ತಿ ಕುಗ್ಗುತ್ತದೆ, ನಿಮಿರುವಿಕೆಗೆ ತೊಂದರೆಯಾಗುತ್ತದೆ, ಕೆಲವರಲ್ಲಿ ಮನಸ್ಸು ಕುಗ್ಗುತ್ತದೆ. ಆತ್ಮಹತ್ಯೆಯ ಯೋಚನೆಯೂ ಇದರ ಅಡ್ಡಪರಿಣಾಮ ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ದೃಢಪಡಿಸಿದೆ. ನಿಮ್ಮ ಪ್ರಶ್ನೆಯ ಎರಡನೇ ಭಾಗ ಓದಿದ ಮೇಲೆ ಇದನ್ನು ಒತ್ತಿ ಹೇಳಲೇಬೇಕು: ಹಿಂದೆ ಖಿನ್ನತೆ ಇದ್ದಿದ್ದರೆ ಮೊದಲೇ ಹೇಳಿ, ನಿಮ್ಮ ಮನಸ್ಥಿತಿ ಬದಲಾದರೆ ಗುರುತಿಸುವಂಥ ಹತ್ತಿರದವರೊಬ್ಬರಿಗೆ ಮಾತ್ರೆಯ ವಿಷಯ ತಿಳಿದಿರಲಿ. ಮಾತ್ರೆ ಬಿಟ್ಟು ಒಂದು ತಿಂಗಳಾಗುವವರೆಗೆ ರಕ್ತದಾನ ಮಾಡುವಂತಿಲ್ಲ. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು.

ಉತ್ತರ 3

ಕನ್ನಡಿಯ ವಿಷಯಕ್ಕೆ ಬರೋಣ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಬೆಳಿಗ್ಗೆ ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಬದಲಾಗುವುದು ಬೆಳಕು ಮಾತ್ರ. ನೆತ್ತಿ ಮೇಲಿನ ದೀಪ, ಒದ್ದೆ ಕೂದಲು, ಎರಡೂ ತಲೆಯನ್ನು ಇನ್ನಷ್ಟು ಬೋಳಾಗಿ ತೋರಿಸುತ್ತವೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸವನ್ನು ಗಂಟೆಗೊಮ್ಮೆ ಅಳೆದರೆ ಪ್ರತಿ ಸಲವೂ ಸೋಲೇ ಕಾಣುತ್ತದೆ, ಆತ್ಮವಿಶ್ವಾಸ ಸವೆಯುವುದು ಅಲ್ಲೇ.

ಆದ್ದರಿಂದ 30 ದಿನಕ್ಕೊಮ್ಮೆ ಮಾತ್ರ ಫೋಟೊ: ಅದೇ ದೀಪ, ಅದೇ ದೂರ, ಒಣಗಿದ ಕೂದಲು, ಮುಂದೆ, ಎರಡು ಪಕ್ಕ, ನೆತ್ತಿ. ತೆಗೆದು ಮುಚ್ಚಿಡಿ. ನಾಲ್ಕನೆಯದನ್ನು ತೆಗೆದ ದಿನ ಮೊದಲನೆಯದರ ಜೊತೆ ಹೋಲಿಸಿ. ಮಿಕ್ಕ ಹೊತ್ತಿನಲ್ಲಿ, ಮೊದಲ ಮೂರು ದಿನ ಎಷ್ಟು ಸಲ ನೋಡುತ್ತೀರಿ ಅಂತ ಸುಮ್ಮನೆ ಗೀಟು ಹಾಕಿ. ಆಮೇಲೆ ನೋಡಬೇಕು ಅನ್ನಿಸಿದಾಗೆಲ್ಲ 10 ನಿಮಿಷ ಮುಂದೂಡಿ. ಬಹಳ ಸಲ ಅಷ್ಟರಲ್ಲಿ ಆ ತವಕ ಇಳಿದಿರುತ್ತದೆ.

ಟೋಪಿಗೆ ಮೆಟ್ಟಿಲು ಕಟ್ಟಿ. ಟೋಪಿ ಇಲ್ಲದೆ ಹೋಗಲು ಅಳುಕುವ ಎಂಟು ಸಂದರ್ಭ ಬರೆದು 0ರಿಂದ 10ರ ಅಂಕ ಕೊಡಿ, 3–4 ಅಂಕದಿಂದ ಶುರುಮಾಡಿ. ಹೋಗುವ ಮುಂಚೆ ನಿಮ್ಮ ಭಯವನ್ನು ಒಂದು ಸಾಲಲ್ಲಿ ಬರೆಯಿರಿ: "ಐದು ಜನ ತಲೆ ನೋಡಿ ನಗುತ್ತಾರೆ." ಬಂದ ಮೇಲೆ ಆದದ್ದನ್ನು ಬರೆಯಿರಿ. ಅಳುಕು ಇಳಿಯುವವರೆಗೆ ಅಲ್ಲೇ ಇರಿ, ಅದೇ ಮೆಟ್ಟಿಲನ್ನು ಮೂರ್ನಾಲ್ಕು ಸಲ ಏರಿ. ಕೆಡುವುದು ಎಲ್ಲಿ ಅಂದರೆ, ಟೋಪಿ ತೆಗೆದು ಗೋಡೆಗೆ ಒರಗಿ ಕೂರುವುದು, ಗೆಳೆಯರನ್ನು "ತುಂಬಾ ಕಾಣ್ತಿದೆಯಾ?" ಅಂತ ಪದೇ ಪದೇ ಕೇಳುವುದು. ಅದೂ ಟೋಪಿಯೇ.

ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಇದರಲ್ಲೇ ಕಳೆಯುತ್ತಿದ್ದರೆ, ಕೆಲಸ, ಸಂಬಂಧ ಕೆಡುತ್ತಿದ್ದರೆ, ಮನಶ್ಶಾಸ್ತ್ರಜ್ಞರ ಬಳಿ ಸಿಬಿಟಿ (ಯೋಚನೆ, ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ) ಕೇಳಿ. ಬದುಕು ಬೇಡ ಅನ್ನಿಸಿದರೆ ಅದೇ ದಿನ ವೈದ್ಯರನ್ನು ಕಾಣಿ.

ಪ್ರಶ್ನೆ ಕೇಳಿದವರು

ಫೋಟೊ ಕ್ರಮ ಇವತ್ತೇ ಶುರು. ಅಲ್ಲಿಯವರೆಗೆ ಕೂದಲನ್ನು ಉದ್ದ ಬಿಟ್ಟು ಮುಚ್ಚಬೇಕಾ, ಕತ್ತರಿಸಬೇಕಾ? ಕೂದಲು ಕಸಿ?

ಉತ್ತರ 4

ಕತ್ತರಿಸಿ. ತೆಳು ಜಾಗ ಎದ್ದು ಕಾಣುವುದು ಪಕ್ಕದ ದಟ್ಟ ಕೂದಲಿನ ಎದುರು. ಪಕ್ಕಗಳನ್ನು ನೆತ್ತಿಗಿಂತ ಗಿಡ್ಡ ಮಾಡಿಸಿದರೆ ವ್ಯತ್ಯಾಸ ಕುಗ್ಗುತ್ತದೆ. ಟ್ರಿಮ್ಮರ್‌ನಲ್ಲಿ ಒಂದೇ ಸಲ ಸೊನ್ನೆಗೆ ಇಳಿಯಬೇಡಿ: 12 ಮಿ.ಮೀ., ಎರಡು ವಾರ ಬಿಟ್ಟು 6, ಆಮೇಲೆ 3. ಗಿಡ್ಡ ಕೂದಲಲ್ಲಿ ಔಷಧವೂ ನೇರ ಚರ್ಮಕ್ಕೆ ಸೇರುತ್ತದೆ. ಬಿಸಿಲಿಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಹಚ್ಚಿ, ಔಷಧ ಪೂರ್ತಿ ಒಣಗಿದ ಮೇಲೆ.

ಕಸಿ ಈಗಲೇ ಬೇಡ. ತಲೆಯ ಹಿಂಭಾಗದಿಂದ ತೆಗೆಯುವ ಬುಡಗಳು ಲೆಕ್ಕದಷ್ಟೇ ಇರುತ್ತವೆ, ತೆಗೆದ ಕಡೆ ಮತ್ತೆ ಬೆಳೆಯುವುದಿಲ್ಲ. 27ಕ್ಕೆ ಹಣೆಯಂಚು ಕೆಳಗಿಳಿಸಿ ನೆಟ್ಟರೆ, ಅದರ ಹಿಂದಿನ ಸ್ವಂತ ಕೂದಲು ಉದುರುತ್ತ ಹೋಗಿ ಮುಂದೆ ಒಂದು ಪಟ್ಟಿ, ಹಿಂದೆ ಬಯಲು ಉಳಿಯಬಹುದು. ಒಂದು ವರ್ಷ ಔಷಧದಲ್ಲಿ ಉದುರುವಿಕೆ ನಿಂತಿದೆಯೇ ನೋಡಿ, ನಿಮ್ಮ ಹನ್ನೆರಡು ಫೋಟೊಗಳನ್ನು ಹಿಡಿದುಕೊಂಡೇ ಶಸ್ತ್ರಚಿಕಿತ್ಸಕರ ಹತ್ತಿರ ಹೋಗಿ.