ಕವಾಟ ಸೋರುತ್ತಿರುವಾಗ ಸಿಆರ್‌ಟಿ ಪೇಸ್‌ಮೇಕರ್ ಏಕೆ?

ಪ್ರಶ್ನೆ:
ನಮ್ಮ ತಂದೆಯವರಿಗೆ 67 ವರ್ಷ. ಎರಡು ವರ್ಷಗಳಿಂದ ಹೃದಯ ವೈಫಲ್ಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಎಕೊದಲ್ಲಿ (ಹೃದಯದ ಸ್ಕ್ಯಾನ್) ಇಜೆಕ್ಷನ್ ಫ್ರಾಕ್ಷನ್ (ಹೃದಯದ ಎಡ ಕೆಳಕೋಣೆ ಪ್ರತಿ ಬಡಿತದಲ್ಲಿ ಹೊರದೂಡುವ ರಕ್ತದ ಪ್ರಮಾಣ) ಶೇ. 28 ಎಂದೂ ಹೃದಯದ ಎಡಭಾಗದ ಮೈಟ್ರಲ್ ಕವಾಟದಲ್ಲಿ ತೀವ್ರ ಸೋರಿಕೆಯಿದೆಯೆಂದೂ, ಇಸಿಜಿಯಲ್ಲಿ ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ತಡವಾಗಿ ತಲುಪುವ ದೋಷ) ಇದ್ದು ಕ್ಯೂಆರ್‌ಎಸ್ (ಆ ಸಂಕೇತ ಕೆಳಕೋಣೆಗಳಲ್ಲಿ ಹರಡಲು ಹಿಡಿಯುವ ಸಮಯ) 160 ಮಿಲಿಸೆಕೆಂಡ್ ಎಂದೂ ಬಂದಿದೆ. ಕವಾಟದ ವಿಚಾರ ಆಮೇಲೆ, ಮೊದಲು ಸಿಆರ್‌ಟಿ (ಹೃದಯದ ಎರಡೂ ಕೆಳಕೋಣೆಗಳು ಒಟ್ಟಿಗೆ ಬಡಿಯುವಂತೆ ಮಾಡುವ ಪೇಸ್‌ಮೇಕರ್) ಹಾಕೋಣ ಎಂದು ವೈದ್ಯರು ಹೇಳಿದ್ದಾರೆ. ಇದರ ಕಾರಣವನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ನಾನು ಹೃದ್ರೋಗ ವೈದ್ಯೆ. ಈ ಬಗೆಯ ಸೋರಿಕೆಯಲ್ಲಿ ಕವಾಟದ ದಳಗಳು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತವೆ. ಹದಗೆಟ್ಟಿರುವುದು ಎಡ ಹೃತ್ಕುಕ್ಷಿ, ಅಂದರೆ ಎಡ ಕೆಳಕೋಣೆ. ಅದು ಹಿಗ್ಗಿದಾಗ, ದಳಗಳನ್ನು ತಂತುಗಳ ಮೂಲಕ ಹಿಡಿದಿರುವ ಪ್ಯಾಪಿಲರಿ ಸ್ನಾಯುಗಳು ದೂರ ಸರಿದು ದಳಗಳನ್ನು ಕೆಳಕ್ಕೆ ಜಗ್ಗುತ್ತವೆ. ಜೊತೆಗೆ ಎಡ ಬಂಡಲ್ ಬ್ಲಾಕ್ ಇದ್ದರೆ ನಡುಗೋಡೆ ಮೊದಲು, ಪಕ್ಕದ ಗೋಡೆ ತಡವಾಗಿ ಸಂಕುಚಿಸುವುದರಿಂದ ಆ ಸ್ನಾಯುಗಳು ಒಟ್ಟಿಗೆ ಬಿಗಿಯಾಗುವುದಿಲ್ಲ, ಕವಾಟವನ್ನು ಮುಚ್ಚಿಸುವ ಒತ್ತಡವೂ ಬೇಗ ಏರುವುದಿಲ್ಲ. ಸಿಆರ್‌ಟಿಯ ಒಂದು ಲೀಡ್ (ತಂತಿ) ಕೊರೊನರಿ ಸೈನಸ್ ಎಂಬ ಹೃದಯದ ಅಭಿಧಮನಿಯ ಮೂಲಕ ಎಡ ಕುಕ್ಷಿಯ ಹೊರಮೈ ತಲುಪಿ ಈ ತಡವನ್ನು ನೀಗಿಸುತ್ತದೆ. ಸೋರಿಕೆ ಸ್ವಲ್ಪಮಟ್ಟಿಗೆ ಕೂಡಲೇ ತಗ್ಗಬಹುದು. ಕುಕ್ಷಿ ಕುಗ್ಗುತ್ತ ಬಂದರೆ ತಿಂಗಳುಗಳಲ್ಲಿ ಇನ್ನಷ್ಟು ತಗ್ಗುತ್ತದೆ. 813 ರೋಗಿಗಳ ಕೇರ್-ಎಚ್‌ಎಫ್ ಅಧ್ಯಯನದಲ್ಲಿ (2005) ಸಿಆರ್‌ಟಿ ಪಡೆದವರಲ್ಲಿ ಸೋರಿಕೆಯೂ ಸಾವಿನ ಪ್ರಮಾಣವೂ ಇಳಿದವು. ನಿಮ್ಮ ತಂದೆಯವರ ಇಸಿಜಿ ಸಿಆರ್‌ಟಿಗೆ ಚೆನ್ನಾಗಿ ಒಗ್ಗುವಂಥದ್ದು.

ಉತ್ತರ 2:
ನನ್ನ ಪತಿಗೆ ಸಿಆರ್‌ಟಿ ಹಾಕಿ ಆರು ತಿಂಗಳಾದರೂ ಸೋರಿಕೆ ಹಾಗೆಯೇ ಇತ್ತು. ಪೇಸ್‌ಮೇಕರ್ ತಪಾಸಣೆ ಮಾಡಿಸಿದಾಗ, ಏಟ್ರಿಯಲ್ ಫಿಬ್ರಿಲೇಷನ್‌ನಿಂದಾಗಿ (ಹೃದಯದ ಮೇಲಿನ ಕೋಣೆಗಳ ಅಡ್ಡಾದಿಡ್ಡಿ ಮಿಡಿತ) ಬಹಳಷ್ಟು ಬಡಿತಗಳಿಗೆ ಪೇಸಿಂಗ್ (ಪೇಸ್‌ಮೇಕರಿನ ಪ್ರಚೋದನೆ) ಸಿಗುತ್ತಲೇ ಇರಲಿಲ್ಲವೆಂದು ತಿಳಿಯಿತು. ಅದಕ್ಕೆ ಚಿಕಿತ್ಸೆಯಾದ ಮೇಲೆ ಅವರು ಮಹಡಿ ಹತ್ತಲು ಶಕ್ತರಾದರು. ಆದ್ದರಿಂದ ಪ್ರತಿ ತಪಾಸಣೆಯಲ್ಲೂ ಶೇಕಡಾ ಎಷ್ಟು ಪೇಸಿಂಗ್ ಆಗುತ್ತಿದೆಯೆಂದು ತಪ್ಪದೆ ಕೇಳಿರಿ.

ಪ್ರಶ್ನಿಸಿದವರು:
ಇಬ್ಬರಿಗೂ ವಂದನೆಗಳು. ಇಷ್ಟಾದರೂ ಸೋರಿಕೆ ಉಳಿದರೆ ಮುಂದಿನ ದಾರಿ ಏನು?

ಉತ್ತರ 1:
ತೊಡೆಸಂದಿನ ರಕ್ತನಾಳದ ಮೂಲಕ ದಳಗಳಿಗೆ ಕ್ಲಿಪ್ ಹಾಕುವ ಚಿಕಿತ್ಸೆಯಿದೆ. 2018ರ ಕೋಆಪ್ಟ್ ಅಧ್ಯಯನದಲ್ಲಿ ಮಾತ್ರೆಗಳನ್ನು ಸಾಧ್ಯವಾದಷ್ಟು ಏರಿಸಿ, ಅರ್ಹರಿಗೆ ಸಿಆರ್‌ಟಿಯನ್ನೂ ಹಾಕಿದ ಮೇಲೂ ಸೋರಿಕೆ ಉಳಿದಿದ್ದವರನ್ನು ಆರಿಸಲಾಗಿತ್ತು. ಎರಡು ವರ್ಷಗಳಲ್ಲಿ ಸಾವು ಕ್ಲಿಪ್ ಪಡೆಯದವರಲ್ಲಿ ಶೇ. 46.1 ಇದ್ದರೆ ಕ್ಲಿಪ್ ಪಡೆದವರಲ್ಲಿ ಶೇ. 29.1 ಆಯಿತು. ಅದೇ ವರ್ಷದ ಮಿತ್ರಾ-ಎಫ್‌ಆರ್ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಯಾರಿಗೆ, ಯಾವಾಗ ಎಂಬ ಆಯ್ಕೆಯೇ ಇಲ್ಲಿ ನಿರ್ಣಾಯಕವೆಂದು ನನ್ನ ಅಭಿಪ್ರಾಯ. ಸಿಆರ್‌ಟಿಗೆ ಮುಂಚಿನ ಎಕೊ ವರದಿಯನ್ನು ಜೋಪಾನವಾಗಿಡಿ. ಕೆಲವು ತಿಂಗಳ ನಂತರದ ಎಕೊವನ್ನು ಅದಕ್ಕೇ ಹೋಲಿಸಬೇಕಾಗುತ್ತದೆ. ಅಲ್ಲಿಯವರೆಗೆ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು.